ಎದ್ದು ಹೋದ ಬಿಷಪ್

13 ಜೂನ್ 2006, ಮಂಗಳವಾರ

ಇಂದಿನಿಂದ ಹೊಸ ಚಾಕರಿ. ಸೆಮಿನರಿಯ ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಅಂಟಿಸಿಕೊಂಡು ಇದ್ದವನನ್ನು ಲೈಬ್ರರಿಯನ್ ಕರೆದು, ದಿನಾ ಮಧ್ಯಾಹ್ನ ಫಾದರ್ ಡೆಸ್ಮಂಡ್ ಅವರಿಗೆ ಓದಿ ಹೇಳಬೇಕು, ಅವರ ಕಣ್ಣು ಹೋಗುತ್ತಾ ಬಂದಿದೆ ಎಂದಳು. ಪಾದ್ರಿಗಳಾಗುವ ಹುಡುಗರಿಗೆ ಚರಿತ್ರೆ ಕಲಿಸಿ ನಿವೃತ್ತರಾದ ಮುದುಕ. ಎಂಬತ್ತು ದಾಟಿರಬೇಕು. ಹಿಂದಿನ ಕಟ್ಟಡದ ಮೂಲೆ ಕೋಣೆಯಲ್ಲಿ ಪುಸ್ತಕಗಳ ರಾಶಿಯ ನಡುವೆ, ಮೊಣಕೈ ಹರಿದ ಸ್ವೆಟರ್ ಹಾಕಿ ಕೂತಿರುತ್ತಾರೆ. ಉಡುಪಿಯ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಚರಿತ್ರೆ ಪಾಠ ಮಾಡಿದ ನನಗೆ ಮೆಲ್ಬರ್ನ್ ಕೊಟ್ಟ ಬಡ್ತಿ ಇದು. ಇನ್ನೊಬ್ಬ ಮೇಷ್ಟ್ರಿಗೆ ಕನ್ನಡಕವಾಗುವುದು.

ಕಮಲಾಕ್ಷ ಎಂದು ಹೇಳಲು ಎರಡು ಸಲ ಒದ್ದಾಡಿ, ಆಮೇಲೆ "ಕಮಲ್" ಎಂದು ಕತ್ತರಿಸಿಬಿಟ್ಟರು. ಕೇಳಲಿಲ್ಲ, ಕತ್ತರಿಸಿದರು.

ನವೆಂಬರಿನಲ್ಲಿ ಸಿಡ್ನಿಯಲ್ಲಿ ಅವರದೊಂದು ಉಪನ್ಯಾಸವಂತೆ. ಕೋಲ್ಮನ್ ಎಂಬ ಐರ್ಲೆಂಡಿನ ಸನ್ಯಾಸಿಯ ಬಗ್ಗೆ. ಸಾವಿರದ ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಉತ್ತರ ತೀರದ ಒಂದು ದ್ವೀಪದ ಮಠಕ್ಕೆ ಬಿಷಪ್ ಆಗಿ ಬಂದು, ಮೂರೇ ವರ್ಷದಲ್ಲಿ ಒಂದು ವಾದದಲ್ಲಿ ಸೋತು, ಎದ್ದು ಹೋದವನು. ಸಾಧನೆ ಅಷ್ಟೇ.

"ಸೋತವನ ಮೇಲೆ ಇಷ್ಟು ಶ್ರಮ ಯಾಕೆ, ಫಾದರ್?" ಎಂದು ಕೇಳಿದೆ.

"ಗೆದ್ದವರ ಬಗ್ಗೆ ಬರೆಯಲು ತುಂಬ ಜನ ಇದ್ದಾರೆ, ಕಮಲ್."

ಇಂಥ ಜಾಣ ಉತ್ತರ ಕೊಡುವ ಲೆಕ್ಚರರುಗಳನ್ನು ಸ್ಟಾಫ್ ರೂಮಿನಲ್ಲಿ ಸಾಕಷ್ಟು ಕಂಡಿದ್ದೇನೆ.

2 ಜುಲೈ, ಭಾನುವಾರ

ಕನ್ನಡ ಸಂಘಕ್ಕೂ ನನಗೂ ಇವತ್ತಿಗೆ ಮುಗಿಯಿತು.

ವಿಷಯ ಕೃಷ್ಣಾಷ್ಟಮಿ. ಸಂಘ ದೊಡ್ಡ ಹಾಲ್ ಹಿಡಿಯಲು ಶುರು ಮಾಡಿದ ಮೇಲೆ ಮೂರು ವರ್ಷ ಚಾಂದ್ರಮಾನದವರ ಅಷ್ಟಮಿಯೂ ನಮ್ಮ ಉಡುಪಿಯ ಸೌರಮಾನದ ಅಷ್ಟಮಿಯೂ ಒಟ್ಟಿಗೇ ಬಂತು, ಯಾರಿಗೂ ತಲೆನೋವಿರಲಿಲ್ಲ. ಈ ವರ್ಷ ಬೆಂಗಳೂರಿನವರದ್ದು ಆಗಸ್ಟ್ ಹದಿನಾರಕ್ಕೆ. ನಮಗೆ ಅಷ್ಟಮಿ ಸಿಂಹ ಮಾಸದೊಳಗೇ ಬರಬೇಕು, ಆ ಮಾಸ ಹುಟ್ಟುವುದೇ ಮರುದಿನ. ಹಾಗಾಗಿ ನಮ್ಮದು ಸೆಪ್ಟೆಂಬರಿಗೆ ಹೋಯಿತು. ಹಾಲ್ ವರ್ಷಕ್ಕೆ ಒಂದೇ ಸಲ ಸಿಗುವುದು.

ಮೂರ್ತಿ ಅಧ್ಯಕ್ಷ. ವಿಂಡಮ್ ವೇಲ್‌ನಲ್ಲಿ ಮನೆ ಕಟ್ಟಿಸಿದ ಮೇಲೆ ಮೀಟಿಂಗಿಗೂ ಕೋಟು ಹಾಕಿಕೊಂಡು ಬರುತ್ತಾನೆ. ನಾನು ಈ ದೇಶಕ್ಕೆ ಬಂದ ದಿನ ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವನು ಇವನೇ. ಅದನ್ನು ಅವನು ಎಂದೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆಯೇ ಜ್ಞಾಪಿಸುವ ವಿದ್ಯೆ ಅವನಿಗೆ ಬರುತ್ತದೆ.

"ಕಮಲಾಕ್ಷ ಅವರೇ, ಮುಕ್ಕಾಲು ಜನ ಚಾಂದ್ರಮಾನದವರು. ಏನ್ ಮಾಡೋಕಾಗತ್ತೆ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ.

"ಕೃಷ್ಣನ ಊರಿನವರಿಗೆ ಅಷ್ಟಮಿ ಯಾವಾಗ ಅಂತ ನೀವು ಹೇಳಿಕೊಡುವುದಾ?" ಎಂದೆ.

"ಕೃಷ್ಣನ ಊರು ಮಥುರಾ ಅಲ್ವೇನ್ರೀ" ಎಂದು ಹಿಂದಿನಿಂದ ಯಾರೋ ಅಂದರು. ಎಲ್ಲ ನಕ್ಕರು. ಮೂರ್ತಿಯೂ ನಕ್ಕ. ಕೈ ಎತ್ತಿಸಿದರು. ಎಣಿಸುವ ಅಗತ್ಯವೇ ಇರಲಿಲ್ಲ.

ನಾನು ಎದ್ದೆ. ಕಪಾಟಿನಲ್ಲಿದ್ದ ಕನ್ನಡ ತರಗತಿಯ ಪುಸ್ತಕಗಳನ್ನೂ ಅಕ್ಷರದ ಚಾರ್ಟುಗಳನ್ನೂ ಕಾರಿಗೆ ತುಂಬಿದೆ. ಊರಿನಿಂದ ಹೊತ್ತು ತಂದದ್ದು ನಾನು, ಆರು ವರ್ಷ ಕಲಿಸಿದ್ದೂ ನಾನು. ಕರಾವಳಿಯವರೆಲ್ಲ ನನ್ನ ಹಿಂದೆ ಬಂದರು. ಆಶ್ಚರ್ಯವೆಂದರೆ ಪಾಯಿಂಟ್ ಕುಕ್‌ನ ನಾಲ್ಕು ಮೈಸೂರು ಸಂಸಾರಗಳೂ ಬಂದವು. ಅವರಲ್ಲಿ ಆ ನಿವೇದಿತಾ ಎಂಬ ಹುಡುಗಿ ಮುಂದೆ. ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಾಳೆ, ಅವಳ ಮಗಳು ನನ್ನ ತರಗತಿಯಲ್ಲಿದ್ದವಳು. "ನಾವು ನಿಮ್ ಜೊತೆ ಅಂಕಲ್" ಎಂದಳು. ಸೌರಮಾನ ಎಂದರೆ ಏನೆಂದು ಅವಳಿಗೆ ಗೊತ್ತಿರಲಿಕ್ಕಿಲ್ಲ. ಇರಲಿ.

5 ಜುಲೈ, ಬುಧವಾರ

ಕೋಲ್ಮನ್ ಸೋತ ವಾದದ ವಿಷಯ ಏನೆಂದು ಇವತ್ತು ಓದಿದೆ. ಈಸ್ಟರ್ ಹಬ್ಬ ಯಾವ ದಿನ ಮಾಡಬೇಕು ಎಂಬುದು!

ಅಲ್ಲಿನ ರಾಜ ಐರಿಷ್ ಲೆಕ್ಕದವನು, ರಾಣಿ ರೋಮಿನ ಲೆಕ್ಕದವಳು. ಒಂದೇ ಅರಮನೆಯಲ್ಲಿ ಅವನು ಹಬ್ಬದೂಟ ಮಾಡುವಾಗ ಅವಳು ಉಪವಾಸ. ಕೊನೆಗೆ ಎರಡೂ ಕಡೆಯವರನ್ನು ಕರೆಸಿ ವಾದ ಇಟ್ಟ. ಕೋಲ್ಮನ್ ಪಾಪ, ನಮ್ಮ ಹಿರಿಯರು ಹೀಗೇ ಮಾಡುತ್ತಿದ್ದರು ಎಂದಷ್ಟೇ ಹೇಳಿದ. ಎದುರಿನವನು ರೋಮಿನಲ್ಲಿ ಕಲಿತು ಬಂದ ಮಾತುಗಾರ. ಸ್ವರ್ಗದ ಬೀಗದ ಕೈ ಇರುವುದು ನಮ್ಮ ಸಂತ ಪೀಟರ್ ಹತ್ತಿರ ಎಂದ. ಹೌದೇ ಎಂದು ರಾಜ ಕೋಲ್ಮನ್‌ನನ್ನು ಕೇಳಿದ. ಹೌದು ಎಂದು ಈ ಪೆದ್ದ ಒಪ್ಪಿಕೊಂಡ. ಹಾಗಾದರೆ ಬಾಗಿಲು ಕಾಯುವವನನ್ನು ನಾನು ಎದುರು ಹಾಕಿಕೊಳ್ಳುವುದಿಲ್ಲ ಎಂದು ರಾಜ ನಕ್ಕು ತೀರ್ಪು ಕೊಟ್ಟ.

ನನಗೂ ನಗು ಬಂತು, ಆದರೆ ಸಂತೋಷದ್ದಲ್ಲ. ನಮ್ಮ ಸಂಘದ ಕತೆ ಹೇಳಿದೆ. ಫಾದರ್ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಬರುವಾಗ ಏನಾದರೂ ತೆಗೆದುಕೊಂಡು ಬಂದೆಯಾ?"

"ನನ್ನ ಪುಸ್ತಕಗಳು. ಎಲ್ಲ."

"ಕೋಲ್ಮನ್ ಮಠ ಕಟ್ಟಿದ ಗುರುವಿನ ಎಲುಬುಗಳನ್ನು ಕೊಂಡುಹೋದ. ಎಲ್ಲವನ್ನೂ ಅಲ್ಲ. ಅರ್ಧ ಅಲ್ಲೇ ಬಿಟ್ಟ, ಉಳಿದವರಿಗೆ."

ಎಲುಬು ಹಂಚಿಕೊಳ್ಳುವ ಜನ. ನಮಗೆ ಅಂಥ ಅಭ್ಯಾಸ ಇಲ್ಲ ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಟೀ ಬಂತು.

19 ಆಗಸ್ಟ್, ಶನಿವಾರ

ಅವರ ಅಷ್ಟಮಿ ಇಂದು. ಹದಿನಾರರ ಹಬ್ಬವನ್ನು ಶನಿವಾರಕ್ಕೆ ಮುಂದೂಡಿ, ಸಿಂಹ ಮಾಸದಲ್ಲೇ ಮಾಡುತ್ತಿದ್ದಾರೆ. ಶಾಸ್ತ್ರವಂತೆ! ನಾನು ಮನೆಯಲ್ಲೇ ಕೂತು ಹುಲ್ಲು ಕತ್ತರಿಸಿದೆ.

16 ಸೆಪ್ಟೆಂಬರ್, ಶನಿವಾರ

ನಮ್ಮ ಅಷ್ಟಮಿ. ಕ್ರಾನ್‌ಬರ್ನ್‌ನಲ್ಲಿ ನಮ್ಮ ಮನೆಯ ಹತ್ತಿರವೇ ಹಳೆಯ ಸ್ಕೌಟ್ ಹಾಲ್ ಒಂದು ಬಾಡಿಗೆಗೆ ಸಿಕ್ಕಿದೆ. ಗೋಡೆಯ ಬಣ್ಣ ಎದ್ದಿದೆ, ಬಚ್ಚಲು ನಾರುತ್ತದೆ, ಆದರೆ ನಮ್ಮದು. ನನ್ನ ಹೆಂಡತಿ ಸುಗುಣಾ ಮತ್ತು ನಮ್ಮ ಹೆಂಗಸರು ಮೂಡೆ, ಗಟ್ಟಿಬಜೆ, ಉಂಡೆ ಚಕ್ಕುಲಿ ಎಲ್ಲ ಮಾಡಿದ್ದರು. ಮೈಸೂರಿನವರು ಮೂಡೆಯನ್ನು ಎಲೆ ಬಿಡಿಸದೆ ತಿನ್ನಲು ಹೊರಟರು. ನಿವೇದಿತಾಳ ಗಂಡ ತುಳು ಭಜನೆಗೆ ಬಾಯಿ ಆಡಿಸುತ್ತಾ ಕೂತಿದ್ದ.

ಹೊರಡುವಾಗ ನಿವೇದಿತಾ ಕೇಳಿದಳು, "ಅಂಕಲ್, ಕ್ಲಾಸ್ ಯಾವಾಗ ಶುರು ಮಾಡ್ತೀರ?"

ಮಾಡುವ ಎಂದೆ. ಬಂದವರಿಗೆಲ್ಲ ಏನಾದರೊಂದು ಬೇಕೇ ಬೇಕು.

10 ಅಕ್ಟೋಬರ್, ಮಂಗಳವಾರ

ಫಾದರ್ ಡೆಸ್ಮಂಡ್ ಅವರನ್ನು ಎಬ್ಬಿಸುತ್ತಿದ್ದಾರೆ. ಹಿಂದಿನ ಕಟ್ಟಡ ಕೆಡವುತ್ತಾರಂತೆ. ಮುದಿ ಪಾದ್ರಿಗಳಿಗೆಂದು ಸಿಡ್ನಿಯಲ್ಲಿ ಒಂದು ಮನೆ ಇದೆ, ಉಪನ್ಯಾಸಕ್ಕೆ ಹೋದವರು ಅಲ್ಲೇ ಉಳಿಯಬೇಕು. ಒಂದು ಸೂಟ್‌ಕೇಸು, ಒಂದು ಪೆಟ್ಟಿಗೆ ಪುಸ್ತಕ. ನಲವತ್ತು ವರ್ಷ ಇದ್ದ ಕೋಣೆ. ಸೆಮಿನರಿಯ ಮುಖ್ಯಸ್ಥ ರೆಕ್ಟರ್ ನನ್ನೆದುರೇ ಬಂದು ಹೇಳಿದ, ಸಣ್ಣ ಪ್ರಾಯದವ, ಕೈಯಲ್ಲಿ ಮೊಬೈಲು ಹಿಡಿದೇ ಮಾತಾಡುವವ.

ಮುದುಕ ಈಗ ಗುಡುಗುತ್ತಾರೆ ಎಂದುಕೊಂಡೆ. ಗುಡುಗಲಿಲ್ಲ. "ಸರಿ. ಒಂದು ಕೇಳಿಕೊಳ್ಳಬಹುದೇ?" ಎಂದರು. ರೆಕ್ಟರ್ ಗಡಿಯಾರ ನೋಡಿದ.

"ಕಮಲ್‌ನ ಕೆಲಸ ನನ್ನ ಜೊತೆ ಮುಗಿಯಬಾರದು. ಅವನು ಚರಿತ್ರೆ ಓದಿದವನು. ನಂಬರು ಅಂಟಿಸಲು ಕೂರಿಸಬೇಡಿ. ಹಳೆಯ ಪುಸ್ತಕಗಳ ಸಂಗ್ರಹದ ಕೋಣೆ ಅವನಿಗೆ ಕೊಡಿ."

ರೆಕ್ಟರ್ ನನ್ನನ್ನು ಮೊದಲ ಸಲ ನೋಡಿದವನಂತೆ ನೋಡಿ, ಆಗಲಿ ಎಂದು ಹೋದ.

ನನಗೆ ಮೈ ಉರಿಯಿತು. "ಇಷ್ಟೇ ಕೇಳುವುದಾ? ಕೋಣೆ ಬಿಡುವುದಿಲ್ಲ ಎಂದು ಹೇಳಬೇಕಿತ್ತು. ನಿಮ್ಮಿಂದ ಕಲಿತವರು ಊರೆಲ್ಲ ಇದ್ದಾರೆ, ಒಂದು ಮಾತು ಹೇಳಿದ್ದರೆ ಬಂದು ನಿಲ್ಲುತ್ತಿದ್ದರು."

"ನಿಲ್ಲುತ್ತಿದ್ದರು. ಆಮೇಲೆ?" ಎಂದರು. ಹಾಳೆಗಳನ್ನು ನನ್ನ ಕಡೆ ತಳ್ಳಿ, "ಎಲ್ಲಿಗೆ ಬಂದಿದ್ದೆವು? ಕೋಲ್ಮನ್ ಹೊರಡುವ ಮುಂಚೆ ರಾಜನ ಹತ್ತಿರ ಒಂದು ಬೇಡಿಕೊಂಡ ಅಲ್ಲವೇ? ಓದು."

ಓದಿದೆ. ತನ್ನನ್ನು ಸೋಲಿಸಿದ ರಾಜನ ಹತ್ತಿರವೇ ಹೋಗಿ, ಇಲ್ಲೇ ಉಳಿಯುವವರಿಗೆ ಒಬ್ಬ ಒಳ್ಳೆಯ ಯಜಮಾನನನ್ನು ಕೊಡು, ಸೌಮ್ಯ ಸ್ವಭಾವದ ಈಟಾ ಎಂಬವನನ್ನು ಕೊಡು ಎಂದು ಬೇಡಿಕೊಂಡನಂತೆ. ಬೆನ್ನೆಲುಬಿಲ್ಲದವರ ವಂಶ ಸಾವಿರದ ಮುನ್ನೂರು ವರ್ಷ ನಡೆದುಕೊಂಡು ಬಂದಿದೆ.

14 ಅಕ್ಟೋಬರ್, ಶನಿವಾರ

ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲ. ತರಗತಿಯ ಪುಸ್ತಕಗಳಲ್ಲಿ ಅರ್ಧವನ್ನು ಒಯ್ದು ಸಂಘದ ಕಪಾಟಿನಲ್ಲಿ ಇಟ್ಟು ಬಂದೆ. ಚಾರ್ಟುಗಳಲ್ಲೂ ಸ್ವರಗಳದ್ದು ಅಲ್ಲಿಟ್ಟೆ. ಯಾರೂ ಇರದ ಹೊತ್ತು ನೋಡಿ ಹೋಗಿದ್ದೆ, ಧನ್ಯವಾದ ಗಿನ್ಯವಾದ ಕೇಳುವ ಪ್ರಾರಬ್ಧ ಬೇಡ ಎಂದು.

25 ನವೆಂಬರ್, ಶನಿವಾರ. ಸಿಡ್ನಿ

ಫಾದರ್ ಅವರನ್ನು ವಿಮಾನದಲ್ಲಿ ಕರೆತಂದು ತಲುಪಿಸುವ ಕೆಲಸವೂ ನನ್ನ ತಲೆಗೇ ಬಂತು. ಸಿಡ್ನಿಯಲ್ಲಿ ಯಾವ ತಿರುವಿನಲ್ಲಿ ನೋಡಿದರೂ ನೀರು ಕಾಣುತ್ತದೆ, ಜನಕ್ಕೆ ಅದಕ್ಕೇ ಅಷ್ಟು ಜಂಬ. ಟ್ಯಾಕ್ಸಿಯವನು ಪಂಜಾಬಿ. ಹಾರ್ಬರ್ ತಾನೇ ಕಟ್ಟಿಸಿದ್ದು ಎಂಬಂತೆ ಹಿಂದಿಯಲ್ಲಿ ವರ್ಣಿಸಿದ.

ಉಪನ್ಯಾಸ ಒಂದು ಚರ್ಚಿನ ಹಿಂದಿನ ಸಭಾಂಗಣದಲ್ಲಿ. ಬಂದವರು ಬೆರಳೆಣಿಕೆಯ ಮುದುಕಿಯರು, ಇಬ್ಬರು ನನ್ಸ್, ಹಿಂದೆ ಕೂತು ತೂಕಡಿಸುವ ಒಬ್ಬ. ನನ್ನ ಕಾಲೇಜಿನ ಟೆಸ್ಟ್ ಪರೀಕ್ಷೆಗೂ ಇದಕ್ಕಿಂತ ಹೆಚ್ಚು ಆಸಕ್ತಿಯಿಂದ ಬರುತ್ತಿದ್ದರು. ಫಾದರ್ ಅರ್ಧ ಗಂಟೆ ಬಾಯಿಪಾಠ ಹೇಳಿದರು. ಆಮೇಲೆ ಹಾಳೆ ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು, ಬೆವರಿದರು. "ಕೊನೆಯ ಭಾಗ ನನ್ನ ಸಹೋದ್ಯೋಗಿ ಓದುತ್ತಾರೆ" ಎಂದರು. ಸಹೋದ್ಯೋಗಿ! ಎದ್ದು ನಿಂತು ಓದಿದೆ.

ಕೊನೆಯ ಭಾಗ ಇಷ್ಟು. ಕೋಲ್ಮನ್ ಐರ್ಲೆಂಡಿನ ಪಶ್ಚಿಮಕ್ಕೆ ಹೋಗಿ ಬಿಳಿ ಹಸುವಿನ ದ್ವೀಪ ಎಂಬಲ್ಲಿ ಮಠ ಕಟ್ಟಿದ. ಅವನ ಜೊತೆ ಐರಿಷರಲ್ಲದೆ ಸುಮಾರು ಮೂವತ್ತು ಮಂದಿ ಇಂಗ್ಲಿಷ್ ಸನ್ಯಾಸಿಗಳೂ ಹೋಗಿದ್ದರು. ಅಲ್ಲಿ ಜಗಳ ಹುಟ್ಟಿತು. ಬೇಸಿಗೆ ಬಂತೆಂದರೆ ಐರಿಷರು ತಮಗೆ ಪರಿಚಯದ ಊರುಗಳಿಗೆ ತಿರುಗಾಟಕ್ಕೆ ಹೋಗುವರು. ಕೊಯ್ಲಿನ ಕೆಲಸವೆಲ್ಲ ಇಂಗ್ಲಿಷರ ಬೆನ್ನಿಗೆ. ಚಳಿಗಾಲಕ್ಕೆ ಬಂದು, ಇವರು ಕೂಡಿಟ್ಟದ್ದರಲ್ಲಿ ಸಮಪಾಲು ಕೇಳುವರು. ಕೋಲ್ಮನ್ ಹುಡುಕಿಕೊಂಡು ಹೋಗಿ ದ್ವೀಪದಾಚೆ ಮೇಯೋ ಎಂಬಲ್ಲಿ ಜಾಗ ಸಂಪಾದಿಸಿ, ಇಂಗ್ಲಿಷರಿಗೆಂದೇ ಬೇರೊಂದು ಮಠ ಕಟ್ಟಿಸಿದ. ಸಾಯುವ ತನಕ ಎರಡನ್ನೂ ತಾನೇ ನೋಡಿಕೊಂಡ.

ಒಬ್ಬ ಮುದುಕಿ ಕೈ ಎತ್ತಿದಳು. "ಅಷ್ಟು ತೊಂದರೆ ಯಾಕೆ? ಆ ಇಂಗ್ಲಿಷರನ್ನು ಅವರ ಊರಿಗೇ ಕಳಿಸಬಹುದಿತ್ತಲ್ಲ?"

ಫಾದರ್ ಹೇಳಿದರು, "ಅವರು ದಿನಾಂಕವನ್ನು ನಂಬಿ ಬಂದವರಲ್ಲಮ್ಮ. ಅವನನ್ನು ನಂಬಿ ಬಂದವರು."

ಟೀ ನೀರಿನ ಹಾಗಿತ್ತು. ಸಾಯಂಕಾಲ ಅವರನ್ನು ಆ ಮುದಿ ಪಾದ್ರಿಗಳ ಮನೆಗೆ ಕರೆದುಕೊಂಡು ಹೋದೆ. ಕೋಣೆಯ ಕಿಟಕಿ ಕಾರ್ ಪಾರ್ಕಿಗೆ ತೆರೆಯುತ್ತದೆ. ಅವರಿಗೆ ಕಾಣುವುದಿಲ್ಲವಲ್ಲ ಎಂದು ಕೊಟ್ಟಿರಬೇಕು. ಪುಸ್ತಕಗಳನ್ನು ಕೈಗೆಟಕುವ ಹಾಗೆ ಜೋಡಿಸಿದೆ, ಯಾವುದು ಎಲ್ಲಿದೆ ಎಂದು ಅವರ ಕೈ ಹಿಡಿದು ಮುಟ್ಟಿಸಿದೆ. ಅಲ್ಲಿನ ನರ್ಸಿಗೆ ಅವರ ಹೆಸರು ಸರಿಯಾಗಿ ಗೊತ್ತಿರಲಿಲ್ಲ, ಡೆನ್ನಿಸ್ ಎನ್ನುತ್ತಿದ್ದಳು. ನಾಲ್ಕು ಸಲ ತಿದ್ದಿದೆ. ಫ್ಲೈಟ್ ತಪ್ಪಿತು.

14 ಡಿಸೆಂಬರ್, ಗುರುವಾರ

ನಾಳೆ ಊರಿಗೆ. ನಮ್ಮ ಕಡೆಯವರು ಹೆಚ್ಚಿನವರೂ ಹೊರಟಿದ್ದಾರೆ, ಮಕ್ಕಳಿಗೆ ರಜೆ. ಗಣರಾಜ್ಯೋತ್ಸವದ ಮರುದಿನ ಊರಿನಿಂದ ಬರುವ ಯಕ್ಷಗಾನದವರ ಆಟ ನಮ್ಮ ಹಾಲಿನಲ್ಲಿ. ಅಷ್ಟರೊಳಗೆ ಬಣ್ಣ ಬಳಿಯಬೇಕು, ಬಚ್ಚಲು ಸರಿಮಾಡಬೇಕು. ಪಾಯಿಂಟ್ ಕುಕ್‌ನವರು ಇಲ್ಲೇ ಇರುತ್ತಾರೆ, ಅವರಿಗೆ ಹೇಳಿದ್ದೇನೆ. ಅವರಿಗೂ ಏನಾದರೂ ಕೆಲಸ ಇರಲಿ.

28 ಜನವರಿ 2007, ಭಾನುವಾರ

ನಿನ್ನೆ ಆಟ ಚೆನ್ನಾಗಿ ಆಯಿತು. ಹಾಲ್ ಗುರುತೇ ಸಿಗುವುದಿಲ್ಲ. ಗೋಡೆ ಬಿಳಿ, ಕಿಟಕಿಗಳಿಗೆ ಹೊಸ ಗಾಜು, ಹೊರಗಿನ ಮುಳ್ಳುಗಿಡವೆಲ್ಲ ಕಿತ್ತಿದ್ದಾರೆ.

ಆದರೆ ನಿವೇದಿತಾ ದೊಡ್ಡ ರಾದ್ಧಾಂತ ಮಾಡಿದಳು. ಮುಂದಿನ ಸಾಲುಗಳಿಗೆ ನಮ್ಮವರ ಹೆಸರಿನ ಚೀಟಿ ಅಂಟಿಸಿತ್ತು. ಅವಳೂ ಉಳಿದ ಮೂರು ಸಂಸಾರದವರೂ ಹಿಂದೆ ನಿಂತು ನೋಡಿದರು. ಸ್ವಾಗತ ಭಾಷಣದಲ್ಲಿ ಹಾಲ್ ಸಿದ್ಧ ಮಾಡಿದವರೆಂದು ನಮ್ಮ ಕಮಿಟಿಯವರ ಹೆಸರು ಓದಿದರು. ಓದಿದವನು ನಾನಲ್ಲ. ಹೆಸರುಗಳ ಪಟ್ಟಿ ಬರೆದುಕೊಟ್ಟವನು ನಾನು, ನಿಜ, ಆದರೆ ಆತುರದಲ್ಲಿ ಬರೆದದ್ದು.

ಊಟದ ಹೊತ್ತಿಗೆ ನನ್ನ ಎದುರು ಬಂದು ನಿಂತಳು.

"ಅಂಕಲ್, ಆ ಬಿಸಿಲಲ್ಲಿ ಪಾಯಿಂಟ್ ಕುಕ್‌ನಿಂದ ಇಲ್ಲಿಗೆ ಪ್ರತಿ ವೀಕೆಂಡ್ ಬಂದ್ವಿ. ನಮ್ಮನೆಯವ್ರು ಏಣಿಯಿಂದ ಬಿದ್ದು ಕೈ ಉಳುಕಿಸ್ಕೊಂಡ್ರು. ನೀವೆಲ್ಲ ಊರಲ್ಲಿದ್ರಿ. ಈಗ ನಮಗೆ ಕೂರೋಕೊಂದು ಚೇರ್ ಇಲ್ಲ."

"ನಮ್ಮ ಆಟ ನಿಮಗೆ ಹೇಗೂ ಅರ್ಥ ಆಗುವುದಿಲ್ಲವಲ್ಲ" ಎಂದು ನಮ್ಮ ಜಯೇಶ್ ತಮಾಷೆ ಮಾಡಿದ. ಅವಳು ತಟ್ಟೆ ಅಲ್ಲೇ ಇಟ್ಟು ಮಗಳ ಕೈ ಹಿಡಿದು ಹೊರಟಳು. ನಾಲ್ಕೂ ಕಾರುಗಳು ಹೋದವು.

ಇಷ್ಟು ಸಣ್ಣದಕ್ಕೆ ಎದ್ದು ಹೋಗುವುದೇ! ಸುಗುಣಾಳಿಗೆ ಹೇಳಿದೆ. ಅವಳು ಪಾತ್ರೆ ಒರೆಸುತ್ತಾ, "ಹೌದು, ಎದ್ದು ಹೋಗುವವರನ್ನು ಕಂಡರೆ ನಿಮಗೆ ಮೊದಲಿಂದಲೂ ಆಗುವುದಿಲ್ಲ" ಎಂದಳು.

ಸುಗುಣಾಳಿಗೆ ಊರಿಗೆ ಹೋಗಿ ಬಂದಾಗಲೆಲ್ಲ ನಾಲಗೆ ಉದ್ದವಾಗುತ್ತದೆ.

4 ಫೆಬ್ರವರಿ, ಭಾನುವಾರ

ವಿಂಡಮ್ ವೇಲ್‌ಗೆ ಹೋಗಿದ್ದೆ. ಆ ಕಡೆ ಬೇರೆ ಕೆಲಸ ಏನೂ ಇರಲಿಲ್ಲ.

ಮೂರ್ತಿಯ ಎಸ್ಟೇಟಿನಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನವು. ತಪ್ಪಿ ಎರಡು ಮನೆಯ ಬೆಲ್ ಒತ್ತಿದೆ. ಅವನು ಬನಿಯನ್ನಿನಲ್ಲಿ ಬಾಗಿಲು ತೆಗೆದ. ಕೋಟಿಲ್ಲದ ಮೂರ್ತಿ ಎಷ್ಟು ಸಣ್ಣಗಾಗಿದ್ದಾನೆ! ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರಂತೆ ಡಿಸೆಂಬರಿನಲ್ಲಿ. ಅವನ ಹೆಂಡತಿ ಊರ್ಮಿಳಾ ಹೇಳಿದರು. ಅವನು ಹೇಳಲಿಲ್ಲ.

"ಕೂತ್ಕೊಳ್ಳಿ" ಎಂದ. ಕಾಫಿ ಬಂತು.

"ಪಾಯಿಂಟ್ ಕುಕ್‌ನ ನಾಲ್ಕು ಸಂಸಾರ ಉಂಟಲ್ಲ" ಎಂದೆ. "ಅವರು ನಮ್ಮಲ್ಲಿ ನಿಲ್ಲುವುದಿಲ್ಲ. ತಪ್ಪು ಅವರದ್ದಲ್ಲ. ನೀವು ವಾಪಸ್ ಸೇರಿಸಿಕೊಳ್ಳಬೇಕು. ಯಾಕೆ ಹೋದಿರಿ, ಯಾಕೆ ಬಂದಿರಿ ಎಂದು ಯಾರೂ ಅವರನ್ನು ಕೇಳಬಾರದು."

ಮೂರ್ತಿ ಲೋಟ ಕೆಳಗಿಟ್ಟ. "ಅವರು ಕೇಳಿದ್ರಾ?"

"ಇಲ್ಲ. ನಾನು ಕೇಳುತ್ತಿದ್ದೇನೆ."

"ನೀವು ಕೇಳೋದಾ" ಎಂದ. ನಗುತ್ತಾನೆ ಎಂದುಕೊಂಡೆ, ನಗಲಿಲ್ಲ. "ಆಯ್ತು. ಯಾರೂ ಏನೂ ಕೇಳಲ್ಲ. ನಾನ್ ನೋಡ್ಕೋತೀನಿ." ಆಮೇಲೆ, "ಈ ವರ್ಷ ನಿಮ್ಮದೂ ನಮ್ಮದೂ ಒಂದೇ ದಿನ ಬರತ್ತಂತೆ."

"ಪಂಚಾಂಗ ನೋಡಲು ಕಲಿತಿರಲ್ಲ, ಸಂತೋಷ" ಎಂದೆ.

ಊರ್ಮಿಳಾ ಅವರ ಕಾಫಿಗೆ ಚಿಕೋರಿ ಹೆಚ್ಚು. ಮೂರ್ತಿ ಕಾರಿನ ತನಕ ಬಂದ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾನೆ, ಬರಬೇಡಿ ಎಂದರೂ ಕೇಳುವುದಿಲ್ಲ. ಮೊಂಡ.

10 ಫೆಬ್ರವರಿ, ಶನಿವಾರ

ನಿವೇದಿತಾಳಿಗೆ ಹೋಗಿ ವಿಷಯ ತಿಳಿಸಿದೆ. ಸಂತೋಷಪಡುತ್ತಾಳೆಂದುಕೊಂಡಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು.

"ನಮ್ಮನ್ನ ಒಂದ್ ಮಾತು ಕೇಳಿದ್ರಾ ಅಂಕಲ್? ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ನಾವೇನ್ ಫರ್ನಿಚರಾ?"

ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು.

"ನಿಮ್ಮ ಅಷ್ಟಮಿ ಯಾವತ್ತಾದ್ರೂ ಇರ್ಲಿ, ನಮಗೇನು. ನನ್ ಮಗಳು ನಿಮ್ ಹತ್ರ ಕನ್ನಡ ಓದೋಕೆ ಶುರು ಮಾಡಿದ್ಲು. ಅಜ್ಜಿಗೆ ಫೋನಲ್ಲಿ ಎರಡು ಸಾಲು ಓದಿ ಹೇಳೋಳು. ಅದಕ್ಕೆ ನಿಮ್ ಹಿಂದೆ ಬಂದ್ವಿ. ಏಳು ತಿಂಗಳಾಯ್ತು, ಕ್ಲಾಸ್ ಎಲ್ಲಿ?"

ಹಿಂದೆ ಆ ಹುಡುಗಿ ನಿಂತಿತ್ತು. "ಹಲೋ ಅಂಕಲ್" ಎಂದು ಇಂಗ್ಲಿಷಿನಲ್ಲಿ ಹೇಳಿ ಒಳಗೆ ಹೋಯಿತು.

ವಾಪಸ್ ಬರುವಾಗ ವೆಸ್ಟ್ ಗೇಟ್ ಸೇತುವೆಯ ಮೇಲೆ ವಾಹನ ಕದಲಲಿಲ್ಲ. ಯೋಚಿಸದೆ ಕೂರಲು ಬೇಕಾದಷ್ಟು ಸಮಯ ಇತ್ತು, ಆದರೂ ಯೋಚನೆ ಬಂತು. ಕ್ರಾನ್‌ಬರ್ನ್ ಎಲ್ಲಿ, ಪಾಯಿಂಟ್ ಕುಕ್ ಎಲ್ಲಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿ. ಬುದ್ಧಿ ಇರುವವರು ಮಾಡುವ ಕೆಲಸ ಅಲ್ಲ.

ಮನೆಗೆ ಬಂದು ನಿವೇದಿತಾಳಿಗೆ ಫೋನ್ ಮಾಡಿದೆ. ಅವರ ಗ್ಯಾರೇಜ್ ಶನಿವಾರ ಖಾಲಿ ಇರುತ್ತದಂತೆ.

15 ಫೆಬ್ರವರಿ, ಗುರುವಾರ

ಸಿಡ್ನಿಗೆ ಫೋನ್. ಫಾದರ್‌ಗೆ ಪುಸ್ತಕ ಓದಿ ಹೇಳುವವರು ಅಲ್ಲಿ ಯಾರೂ ಇಲ್ಲ. ಹಳೆಯ ಸಂಗ್ರಹದಿಂದ ಒಂದು ಅಧ್ಯಾಯ ಫೋನಿನಲ್ಲೇ ಓದಿದೆ. ನಡುವೆ ಗೊರಕೆ ಕೇಳಿಸಿತು. ಅಧ್ಯಾಯ ಮುಗಿಸಿಯೇ ಇಟ್ಟೆ.

3 ಮಾರ್ಚ್, ಶನಿವಾರ

ಮೊದಲ ತರಗತಿ. ಗ್ಯಾರೇಜಿನಲ್ಲಿ ಬಾರ್ಬೆಕ್ಯೂ, ಸೈಕಲ್ಲು, ನಡುವೆ ಒಂದು ಪ್ಲಾಸ್ಟಿಕ್ ಮೇಜು. ನಾಲ್ಕು ಸಂಸಾರದ ಮಕ್ಕಳು, ಅಲ್ಲದೆ ಮೂರ್ತಿಯ ಮೊಮ್ಮಗಳು. ಬಿಟ್ಟು ಹೋಗುತ್ತಾನೆಂದುಕೊಂಡರೆ ಮೂರ್ತಿಯೂ ಮೂಲೆಯಲ್ಲಿ ಒಂದು ಸ್ಟೂಲ್ ಎಳೆದು ಕೂತ. ಕೋಟಿನ ಗುಂಡಿ ಹಾಕಿಕೊಂಡು.

ಮಕ್ಕಳಿಗೆ ಏನೂ ನೆನಪಿಲ್ಲ. ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ನಿವೇದಿತಾಳ ಮಗಳು, "ಅಂಕಲ್, ಡು ಯು ಲಿವ್ ನಿಯರ್ ಹಿಯರ್?" ಎಂದು ಕೇಳಿದಳು. ಕ್ರಾನ್‌ಬರ್ನ್ ಎಂದೆ. "ದೆನ್ ವೈ ಡು ಯು ಕಮ್?" ಎಂದಳು. ಳ ಬರೆ ಎಂದೆ. ಲ ಬರೆದಳು. ಕೈ ಹಿಡಿದು ಬರೆಸಿದೆ. ಮತ್ತೆ ಲ ಬರೆದಳು. ಮೂರ್ತಿ ಅಲ್ಲಿಂದಲೇ "ಬಾಲ ಕೆಳಗೆ ಬರಬೇಕಮ್ಮ" ಎಂದು ಬಾಯಿ ಹಾಕಿದ. ಪಾಠದ ನಡುವೆ ಮಾತಾಡಬಾರದು ಎಂದು ಅವನಿಗೂ ಹೇಳಬೇಕಾಯಿತು. ಸುಮ್ಮನಾದ.

ನಿವೇದಿತಾ ಊಟ ಮಾಡಿಯೇ ಹೋಗಬೇಕೆಂದಳು. ಸಾರಿಗೆ ಬೆಲ್ಲ ಹಾಕದ ಜನ. ಎರಡು ಸಲ ಬಡಿಸಿಕೊಂಡೆ, ಬೇಡವೆಂದರೆ ಬೇಜಾರು ಮಾಡಿಕೊಳ್ಳುತ್ತಾಳೆ.

ಮನೆ ಸೇರುವಾಗ ಸಂಜೆಯಾಗಿತ್ತು. ಹೇಗಾಯಿತು ಎಂದು ಸುಗುಣಾ ಕೇಳಿದಳು. ದಂಡ, ಒಂದು ಮಗುವಿಗೂ ಳ ಬರುವುದಿಲ್ಲ ಎಂದೆ.

"ಹಾಗಾದರೆ ಬಿಟ್ಟುಬಿಡಿ" ಎಂದಳು.

ತಲೆ ಇಲ್ಲದ ಮಾತು. ಳ ಬಾರದ ಮಕ್ಕಳನ್ನು ಯಾರಾದರೂ ಹಾಗೆ ಅರ್ಧಕ್ಕೆ ಬಿಟ್ಟು ಬರುತ್ತಾರೆಯೇ?